ಹೊಸ ಬ್ರೇಕಿನ ಕೀರಲು ದನಿ

ಹಳೆಯ ಬ್ರೇಕು ಸವೆದು ಕೂಗಿದರೆ ಯಾರೂ ಅಚ್ಚರಿಪಡುವುದಿಲ್ಲ. ಆದರೆ ಸಾವಿರಾರು ರೂಪಾಯಿ ತೆತ್ತು ಹೊಸ ಪ್ಯಾಡುಗಳನ್ನು ಹಾಕಿಸಿದ ಮರುದಿನವೇ ಕಾರು ಪ್ರತಿಯೊಂದು ವೃತ್ತದಲ್ಲಿಯೂ ಚೀರತೊಡಗಿದರೆ ಒಡೆಯನಿಗೆ ಉಂಟಾಗುವ ಮನಃಕ್ಲೇಶ ಬೇರೆಯೇ ಬಗೆಯದು. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಅನುಭವ ಅಪರಿಚಿತವೇನೂ ಅಲ್ಲ. ಒಂದು ನಗರಕ್ಕೆ ಕಡಲ ಉಪ್ಪುಗಾಳಿಯ ಕಾಟ. ಇನ್ನೊಂದಕ್ಕೆ ಬೇಸಗೆಯಲ್ಲಿ 45 ಡಿಗ್ರಿಯವರೆಗೆ ಏರುವ ಬಿಸಿಲಿನ ಕಾಟ. ಇವೆರಡರ ನಡುವೆ ಸುಮಾರು 350 ಕಿಲೋಮೀಟರು ಉದ್ದಕ್ಕೆ ಚಾಚಿರುವ 16ನೆಯ ರಾಷ್ಟ್ರೀಯ ಹೆದ್ದಾರಿ. ಈ ಸದ್ದುಗಳಲ್ಲಿ ನಿರುಪದ್ರವಿ ಯಾವುದು, ಪ್ರಾಣಕ್ಕೆ ಎರವಾಗುವಂಥದು ಯಾವುದು ಎಂಬ ವಿವೇಚನೆ ವಾಹನವುಳ್ಳ ಪ್ರತಿಯೊಬ್ಬರಿಗೂ ಇರತಕ್ಕದ್ದು. ಸದ್ದಿನಷ್ಟೇ ಮುಖ್ಯವಾದ ಇನ್ನೊಂದು ವಿಷಯವುಂಟು. ಅದು ಬ್ರೇಕಿನ ಧೂಳು. ವೈದ್ಯರ ಗಮನಕ್ಕೆ ಬರುವುದು ಇದೇ.

ಬ್ರೇಕು ಮಾಡುವ ಕೆಲಸ ಒಂದೇ: ಚಲನೆಯ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು. ಸಾವಿರ ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುತ್ತಿರುವಾಗ ಅದರಲ್ಲಿ ಅಡಗಿರುವ ಶಕ್ತಿ ಸುಮಾರು 1,39,000 ಜೂಲ್. ಅರ್ಧ ಲೀಟರಿಗೆ ತುಸು ಕಡಿಮೆ ನೀರನ್ನು ಕೋಣೆಯ ಉಷ್ಣದಿಂದ ಕುದಿಯುವ ಮಟ್ಟಕ್ಕೆ ಏರಿಸಲು ಇಷ್ಟು ಸಾಕು. ಅಡುಗೆಮನೆಯ ಒಲೆ ಕೆಲವು ನಿಮಿಷಗಳಲ್ಲಿ ಮಾಡುವ ಈ ಕೆಲಸವನ್ನು ಎರಕದ ಕಬ್ಬಿಣದ ತಟ್ಟೆ, ಅಂದರೆ ಡಿಸ್ಕು, ಹಾಗೂ ಅದನ್ನು ಇಕ್ಕೆಲಗಳಿಂದ ಅದುಮುವ ಪ್ಯಾಡುಗಳು ನಾಲ್ಕಾರು ಸೆಕೆಂಡುಗಳಲ್ಲಿ ಮುಗಿಸಬೇಕು.

ಅದುಮಿದ ಪ್ಯಾಡು ತಟ್ಟೆಯ ಮೇಲೆ ಸದಾ ಒಂದೇ ಸಮನೆ ಜಾರುವುದಿಲ್ಲ. ಕ್ಷಣಕಾಲ ಅಂಟಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ರಾಳ ತೀಡಿದ ಕಮಾನು ಪಿಟೀಲಿನ ತಂತಿಯನ್ನು ನುಡಿಸುವುದೂ ಈ ಕ್ರಮದಲ್ಲಿಯೇ. ಪಿಟೀಲಿನಲ್ಲಿ ಅದು ನಾದ, ಬ್ರೇಕಿನಲ್ಲಿ ಅದು ಚೀತ್ಕಾರ. ತಟ್ಟೆ, ಪ್ಯಾಡು, ಕ್ಯಾಲಿಪರುಗಳು ಒಟ್ಟಾಗಿ ಸೆಕೆಂಡಿಗೆ ಸಾವಿರದಿಂದ ಹತ್ತು ಸಾವಿರಕ್ಕೂ ಮಿಗಿಲಾಗಿ ಕಂಪಿಸಿದಾಗ ಕೀರಲು ದನಿ ಹೊರಡುತ್ತದೆ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು 2,000ದಿಂದ 5,000 ಕಂಪನಗಳ ನಡುವೆ. ಬ್ರೇಕಿನ ಕೂಗು ಬಹುಪಾಲು ಇಲ್ಲಿಯೇ ಬೀಳುತ್ತದೆ. ಸದ್ದು ಅಷ್ಟೊಂದು ದೊಡ್ಡದಲ್ಲದಿದ್ದರೂ ಮೈ ಜುಮ್ಮೆನ್ನಿಸುವುದು ಈ ಕಾರಣದಿಂದ. ಇದರಿಂದ ಒಂದು ಅಪಾಯವೂ ಉಂಟು: ಕೂಗಿಗೆ ನಾಚಿ ಚಾಲಕನು ಬ್ರೇಕನ್ನು ಅಳುಕುತ್ತ, ತಡವಾಗಿ ಒತ್ತುವ ಅಭ್ಯಾಸಕ್ಕೆ ಬೀಳುತ್ತಾನೆ.

ಈ ಕೂಗು ಡಿಸ್ಕ್ ಬ್ರೇಕಿನಷ್ಟೇ ಹಳೆಯದು. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ಎಂಬ ಯಂತ್ರಶಿಲ್ಪಿ ಡಿಸ್ಕ್ ಬ್ರೇಕಿಗೆ ಹಕ್ಕುಸ್ವಾಮ್ಯ ಪಡೆದಾಗ ಅದರ ಪ್ಯಾಡುಗಳು ತಾಮ್ರದವು. ಲೋಹದ ಮೇಲೆ ಲೋಹ ಉಜ್ಜಿ ಎದ್ದ ಕರ್ಕಶ ಧ್ವನಿಯನ್ನು ಸಹಿಸುವುದೇ ಕಷ್ಟವಾಗಿತ್ತು. ಕೆಲವು ವರ್ಷಗಳ ಅನಂತರ ಹರ್ಬರ್ಟ್ ಫ್ರೂಡ್ ಎಂಬಾತನು ಕಲ್ನಾರಿನ ಲೈನಿಂಗ್ ಬಳಸಿ ಸದ್ದನ್ನು ಅಡಗಿಸಿದನು. ಅದು ಶಾಖಕ್ಕೆ ಅಂಜದು, ಬೇಗ ಸವೆಯದು, ಬೆಲೆಯೂ ಅಗ್ಗ. ಸದ್ದಡಗಿಸಿದ ಆ ವಸ್ತು ಶ್ವಾಸಕೋಶಗಳಲ್ಲಿ ಏನನ್ನು ಬಿತ್ತುತ್ತಿದೆ ಎಂಬುದು ಲೋಕಕ್ಕೆ ತಿಳಿಯಲು ಮುಂದೆ ದಶಕಗಳೇ ಹಿಡಿದವು. ಆ ವಿಚಾರ ಮುಂದೆ ಬರುತ್ತದೆ.

ಹೊಸ ಪ್ಯಾಡು ಕೂಗುವುದಕ್ಕೆ ಅತಿ ಸಾಮಾನ್ಯವಾದ ಕಾರಣವೆಂದರೆ ಅದು ಇನ್ನೂ ತಟ್ಟೆಯೊಡನೆ ಹೊಂದಿಕೊಂಡಿರದಿರುವುದು. ಹಳೆಯ ತಟ್ಟೆಯ ಮೇಲೆ ಹಳೆಯ ಪ್ಯಾಡು ಕೊರೆದ ಸಣ್ಣ ಗೀರುಗಳಿರುತ್ತವೆ, ಅಂಚಿನಲ್ಲಿ ತುಕ್ಕಿನ ಒಂದು ದಿಂಡು ಇರುತ್ತದೆ. ಹೊಸ ಪ್ಯಾಡಿನ ಮಟ್ಟಸ ಮುಖ ಇವುಗಳ ತುದಿಗಳನ್ನು ಮಾತ್ರ ಮುಟ್ಟುತ್ತದೆ. ಆದುದರಿಂದ ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ತಾಳ್ಮೆಯಿಂದ ಓಡಿಸಬೇಕು. ಜನಸಂದಣಿಯಿಲ್ಲದ ಸಮತಟ್ಟಾದ ರಸ್ತೆಯಲ್ಲಿ, ಹಿಂದೆ ವಾಹನವಿಲ್ಲದುದನ್ನು ನೋಡಿಕೊಂಡು, 50 ಕಿಲೋಮೀಟರು ವೇಗದಿಂದ 20ಕ್ಕೆ ನಯವಾಗಿ ಇಳಿಸುವುದು, ಬ್ರೇಕು ತಣಿಯಲು ಅರ್ಧ ನಿಮಿಷ ಓಡಿಸುವುದು, ಮತ್ತೆ ಇಳಿಸುವುದು. ಹೀಗೆ ಇಪ್ಪತ್ತು ಸಲವಾದರೂ ಆಗಬೇಕು. ತಯಾರಕರು ಬೇರೆ ಕ್ರಮ ಬರೆದಿದ್ದರೆ ಅದೇ ಪ್ರಮಾಣ. ವಿಶಾಖಪಟ್ಟಣದವರಿಗೆ ಭೀಮುನಿಪಟ್ಟಣದ ಕಡೆಗೆ ಸಾಗುವ ಕಡಲತೀರದ ರಸ್ತೆ ಬೆಳಗಿನ ಹೊತ್ತು ಇದಕ್ಕೆ ಅನುಕೂಲ. ವಿಜಯವಾಡದವರು ಬೆಂಜ್ ಸರ್ಕಲಿನ ಸಂದಣಿಯಲ್ಲಿ ಈ ಪ್ರಯೋಗಕ್ಕೆ ಕೈ ಹಾಕಬಾರದು. ಕಾದ ಪ್ಯಾಡನ್ನು ತಟ್ಟೆಗೆ ಒತ್ತಿಕೊಂಡೇ ಬಹಳ ಹೊತ್ತು ನಿಲ್ಲಿಸಿದರೆ ಆ ಜಾಗದಲ್ಲಿ ಪ್ಯಾಡಿನ ದ್ರವ್ಯ ಅಂಟಿ ಕಲೆಯಾಗುತ್ತದೆ. ಆಮೇಲೆ ಪೆಡಲು ನಡುಗತೊಡಗುತ್ತದೆ.

ಕಡಲೂರಿನ ಇನ್ನೊಂದು ವಿಶೇಷವನ್ನು ಇಲ್ಲಿಯೇ ಹೇಳಬಹುದು. ರಾತ್ರಿ ಬಯಲಿನಲ್ಲಿ ನಿಲ್ಲಿಸಿದ ಕಾರಿನ ತಟ್ಟೆಯ ಮೇಲೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕಿನ ತೆಳುಪೊರೆ ಕಟ್ಟಿರುತ್ತದೆ. ಮೊದಲ ನಾಲ್ಕೈದು ಸಲ ಬ್ರೇಕು ಒತ್ತುವಾಗ ಅದು ಕೆರೆದು ಸದ್ದು ಮಾಡಿ ಮಾಯವಾಗುತ್ತದೆ. ಇದಕ್ಕಾಗಿ ಮೆಕ್ಯಾನಿಕ್‌ನ ಬಳಿಗೆ ಓಡಬೇಕಾಗಿಲ್ಲ.

ಹೊಂದಿಕೆಯ ಅವಧಿ ಮುಗಿದ ಮೇಲೂ ಕೂಗು ನಿಲ್ಲದಿದ್ದರೆ ದೋಷ ಕೆಲಸದಲ್ಲಿದೆ ಎಂದು ತಿಳಿಯಬೇಕು. ಪ್ಯಾಡಿನ ಬೆನ್ನಿಗೆ ಶಿಮ್ ಎಂಬ ತೆಳು ತಗಡು ಇರುತ್ತದೆ. ಕಂಪನವನ್ನು ಹೀರುವುದು ಅದರ ಕೆಲಸ. ಪ್ಯಾಡು ಅಲುಗದಂತೆ ಹಿಡಿಯುವ ಉಕ್ಕಿನ ಕ್ಲಿಪ್ಪುಗಳೂ ಇರುತ್ತವೆ. ಅವಸರದ ಕೆಲಸದಲ್ಲಿ ಮೊದಲು ಬಲಿಯಾಗುವುದು ಇವೇ. ಹಳೆಯವು ತುಕ್ಕು ಹಿಡಿದಿದ್ದರೂ ಹಾಗೆಯೇ ಸಿಕ್ಕಿಸುವುದುಂಟು, ಬಿಸಾಡಿ ಸುಮ್ಮನಾಗುವುದೂ ಉಂಟು. ಕ್ಯಾಲಿಪರು ಜಾರುವ ಪಿನ್ನುಗಳು ಉಪ್ಪುಗಾಳಿಗೆ ಬಿಗಿದುಕೊಂಡಿದ್ದರೆ ಪ್ಯಾಡು ಪೂರ್ತಿ ಹಿಂದೆ ಸರಿಯದೆ ತಟ್ಟೆಯನ್ನು ಸದಾ ಉಜ್ಜುತ್ತಿರುತ್ತದೆ. ಆ ಪಿನ್ನುಗಳನ್ನು ತೆಗೆದು ಒರೆಸಿ, ಬ್ರೇಕಿಗೆಂದೇ ಮಾಡಿದ, ಅಧಿಕ ಶಾಖ ತಾಳುವ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಸಾಮಾನ್ಯ ಗ್ರೀಸು ರಬ್ಬರಿನ ಮುಸುಕನ್ನು ಉಬ್ಬಿಸಿ ಕೆಡಿಸುತ್ತದೆ. ಪ್ಯಾಡಿನ ಬೆನ್ನಿಗೆ ಗ್ರೀಸು ಸಲ್ಲುತ್ತದೆ; ಮುಖಕ್ಕೆ ಎಂದಿಗೂ ಸಲ್ಲದು. ಸದ್ದಡಗಲೆಂದು ತಟ್ಟೆಗೆ ಒಂದು ತೊಟ್ಟು ಎಣ್ಣೆ ಸವರುವ ಪಂಡಿತರೂ ಅಲ್ಲಲ್ಲಿ ಇದ್ದಾರೆ. ಅಂಥವರ ಕೈಗೆ ವಾಹನವನ್ನು ಕೊಡುವುದಕ್ಕಿಂತ ಕೂಗಿಸಿಕೊಂಡು ತಿರುಗುವುದೇ ಲೇಸು. ಎಣ್ಣೆ ತಗಲಿದ ಪ್ಯಾಡನ್ನು ತೊಳೆದು ಬಳಸುವಂತಿಲ್ಲ, ಎಸೆಯಬೇಕು.

ಸವೆತವನ್ನು ಸೂಚಿಸುವ ಉಕ್ಕಿನ ನಾಲಿಗೆಯೊಂದು ಅನೇಕ ಪ್ಯಾಡುಗಳಲ್ಲಿ ಇರುತ್ತದೆ. ಹೊಸ ಪ್ಯಾಡಿನ ದಪ್ಪ ಸುಮಾರು 10 ಮಿಲಿಮೀಟರು. ಅದು ಸವೆದು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ನಾಲಿಗೆ ತಟ್ಟೆಗೆ ತಾಗಿ ಬೇಕೆಂದೇ ಕೂಗುತ್ತದೆ. ಒಳಗಿನ ಪ್ಯಾಡನ್ನು ಹೊರಗೂ ಹೊರಗಿನದನ್ನು ಒಳಗೂ ಅದಲುಬದಲು ಹಾಕಿದರೆ ಮೊದಲ ದಿನವೇ ಈ ನಾಲಿಗೆ ಎಲ್ಲಾದರೂ ತಾಗಿ ಒಡೆಯನನ್ನು ಗಾಬರಿಪಡಿಸಬಹುದು. ತಟ್ಟೆಯ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾದ ತಟ್ಟೆಗೆ ಹೊಸ ಪ್ಯಾಡು ಹಾಕುವುದು ಹರಿದ ಬಟ್ಟೆಗೆ ಹೊಸ ಗುಂಡಿ ಹೊಲಿದಂತೆ.

ಹಾಗಾದರೆ ಒಡನೆ ಕಾರು ನಿಲ್ಲಿಸಬೇಕಾದ ಸಂದರ್ಭಗಳು ಯಾವುವು? ಕೀರಲು ದನಿ ಹೋಗಿ ಲೋಹ ಲೋಹವನ್ನು ಅರೆಯುವ ಗರಗರ ಶಬ್ದ ಬಂದರೆ, ಬ್ರೇಕು ಒತ್ತಿದಾಗ ಕಾರು ಒಂದು ಬದಿಗೆ ಎಳೆದರೆ, ಪೆಡಲು ಮೆತ್ತಗಾಗಿ ಕೆಳಗಿಳಿದರೆ, ಒಂದು ಚಕ್ರ ಮಾತ್ರ ಕಾದು ಸುಟ್ಟ ವಾಸನೆ ಹೊಮ್ಮಿದರೆ ಮುಂದಕ್ಕೆ ಒಂದು ಮೈಲಿಯೂ ಓಡಿಸಬಾರದು. ಪೆಡಲು ಬಿಟ್ಟಿರುವಾಗಲೂ ಸದ್ದು ಬರುತ್ತಿದ್ದರೆ ಪ್ಯಾಡು ಹಿಂದೆ ಸರಿಯುತ್ತಿಲ್ಲವೆಂದು ಅರ್ಥ. ಅದನ್ನೂ ಉದಾಸೀನ ಮಾಡಲಾಗದು.

ವಿಜಯವಾಡದ ಆಟೋನಗರದಲ್ಲಿಯೂ ವಿಶಾಖಪಟ್ಟಣದ ಗಾಜುವಾಕದ ಬದಿಯ ಆಟೋನಗರದಲ್ಲಿಯೂ ವಾಹನದ ಯಾವ ರೋಗಕ್ಕೂ ಚಿಕಿತ್ಸೆಯುಂಟು. ಆದರೆ ರೋಗಲಕ್ಷಣವನ್ನು ಸರಿಯಾಗಿ ಹೇಳಬೇಕು: ಸದ್ದು ತಣ್ಣಗಿರುವಾಗಲೋ ಕಾದ ಮೇಲೋ, ಮೆಲ್ಲಗೆ ಒತ್ತಿದಾಗಲೋ ಬಲವಾಗಿ ಒತ್ತಿದಾಗಲೋ, ಹಿಮ್ಮುಖವಾಗಿ ಓಡಿಸುವಾಗಲೂ ಬರುವುದೋ. ಇಲ್ಲಿ ಕನ್ನಡಿಗರಿಗೆ ಭಾಷೆಯ ಒಂದು ಸಣ್ಣ ತೊಡಕು. ಕನ್ನಡದ ಗಾಲಿ ಚಕ್ರ, ತೆಲುಗಿನ ಗಾಲಿ ಗಾಳಿ. 'ಬಲದ ಗಾಲಿ' ಎಂದರೆ ಮೆಕ್ಯಾನಿಕ್ ಟೈರಿಗೆ ಗಾಳಿ ತುಂಬಲು ಹೊರಟಾನು! ಬಲಕ್ಕೆ ತೆಲುಗಿನಲ್ಲಿ 'ಕುಡಿ', ಎಡಕ್ಕೆ 'ಎಡಮ', ಹಿಂಬದಿಗೆ 'ವೆನಕ', ಗಾಲಿಗೆ 'ಚಕ್ರಂ'. 'ಮುಂದು' ಎರಡು ಭಾಷೆಗಳಿಗೂ ಸಮಾನ. ಈ ನಾಲ್ಕು ಮಾತುಗಳಿಂದ ಅರ್ಧ ಗಂಟೆಯ ವ್ಯರ್ಥ ಶ್ರಮ ಉಳಿಯುತ್ತದೆ. ಕಳಚಿದ ಹಳೆಯ ಪ್ಯಾಡುಗಳನ್ನು ಕೇಳಿ ಪಡೆದು ನೋಡುವುದೂ ಒಳ್ಳೆಯ ರೂಢಿ. ಎಡಬಲಗಳ ಸವೆತದಲ್ಲಿ ವ್ಯತ್ಯಾಸವಿದ್ದರೆ ಬಿಗಿದ ಪಿನ್ನಿನ ಕಥೆಯನ್ನು ಅವೇ ಹೇಳುತ್ತವೆ.

ಇನ್ನು ಧೂಳಿನ ವಿಚಾರ. ಕಲ್ನಾರಿನ ಎಲ್ಲ ಬಗೆಗಳನ್ನೂ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಕಣ್ಣಿಗೆ ಕಾಣದ ಅದರ ಎಳೆಗಳು ಉಸಿರಿನೊಡನೆ ಒಳಸೇರಿದರೆ ಹೊರಬರುವುದು ದುಸ್ತರ. ಶ್ವಾಸಕೋಶದ ಪೊರೆಯನ್ನು ಆಕ್ರಮಿಸುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಧೂಳು ಕುಡಿದ ಇಪ್ಪತ್ತರಿಂದ ಐವತ್ತು ವರ್ಷಗಳ ಅನಂತರ ತಲೆದೋರಬಹುದು. ಹದಿನೈದರ ಹುಡುಗನಾಗಿದ್ದಾಗ ಗ್ಯಾರೇಜಿನಲ್ಲಿ ಡ್ರಮ್ಮು ಊದಿ ಸ್ವಚ್ಛಮಾಡಿದವನಿಗೆ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ರೋಗ ಕಾಣಿಸಿಕೊಂಡರೆ ಕಾರಣವನ್ನು ನೆನೆಯುವವರು ಯಾರು? ಬ್ರಿಟನ್ನು 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಆಂಧ್ರದ ಪುಲಿವೆಂದುಲದಲ್ಲಿ ಕಲ್ನಾರಿನ ಗಣಿಗಳಿದ್ದವು. ಭಾರತದಲ್ಲಿ ಅದರ ಗಣಿಗಾರಿಕೆಗೆ ತಡೆ ಬಿದ್ದಿದ್ದರೂ ಬಿಳಿ ಕಲ್ನಾರಿನ ಬಳಕೆಗೆ ಪೂರ್ಣ ನಿಷೇಧ ಬಂದಿಲ್ಲ. ಕಲ್ನಾರಿನ ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು ದೀರ್ಘಕಾಲ ಕಾಯ್ದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಬೀದಿಬದಿಯ ಗ್ಯಾರೇಜಿನ ಹುಡುಗನಿಗೆ ಅಂಥ ದಾಖಲೆ ಎಲ್ಲಿಯದು?

ಆದುದರಿಂದ ಪ್ಯಾಡು ಕೊಳ್ಳುವಾಗ ಪೊಟ್ಟಣದ ಮೇಲೆ ಕಲ್ನಾರುರಹಿತವೆಂಬ ಮುದ್ರೆಯನ್ನೂ ತಯಾರಕರ ಹೆಸರನ್ನೂ ನೋಡಿಕೊಳ್ಳಬೇಕು. ಹೆಸರಿಲ್ಲದ ಅಗ್ಗದ ಸರಕು ಕೂಗುವುದೂ ಹೆಚ್ಚು, ಅದರಲ್ಲಿ ಏನು ಬೆರೆತಿದೆಯೆಂದು ತಿಳಿಯುವ ಬಗೆಯೂ ಇಲ್ಲ. ಒಣಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲವೆ ಬ್ರೇಕು ತೊಳೆಯುವ ದ್ರವದಿಂದ ನೆನೆಸಿ ತೆಗೆಯಬೇಕು. ಹಿಂದಿನ ಚಕ್ರದ ಡ್ರಮ್ಮನ್ನು ತೆರೆಯುವಾಗ ಈ ಎಚ್ಚರಿಕೆ ಇಮ್ಮಡಿಯಾಗಲಿ, ಏಕೆಂದರೆ ಧೂಳೆಲ್ಲ ಅಲ್ಲಿ ಸೆರೆಯಾಗಿರುತ್ತದೆ. ಸದ್ದು ತೆಗೆಯಲೆಂದು ಪ್ಯಾಡಿನ ಮುಖವನ್ನು ಉಪ್ಪುಕಾಗದದಿಂದ ತಿಕ್ಕುವುದು ಎಲ್ಲೆಡೆ ನಡೆಯುವ ಉಪಾಯ. ತಿಕ್ಕಲೇಬೇಕಾದರೆ ಒದ್ದೆಮಾಡಿ, ಮುಖಕ್ಕೆ ಎನ್95 ಮುಸುಕು ಧರಿಸಿ ತಿಕ್ಕಬೇಕು. ಆ ಹೊತ್ತಿನಲ್ಲಿ ಮಕ್ಕಳು ಬಳಿಯಲ್ಲಿ ನಿಂತು ನೋಡುವುದು ಬೇಡ. ಮನೆಯಲ್ಲಿಯೇ ಕೆಲಸ ಮಾಡಿಕೊಳ್ಳುವ ಉತ್ಸಾಹಿಗಳು ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯತಕ್ಕದ್ದು. ಕಲ್ನಾರಿಲ್ಲದ ಧೂಳೂ ಪಥ್ಯವಲ್ಲ. ಅದರಲ್ಲಿ ಕಬ್ಬಿಣ, ತಾಮ್ರ ಮೊದಲಾದ ಲೋಹಗಳ ಸೂಕ್ಷ್ಮ ಕಣಗಳಿರುತ್ತವೆ. ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮಗಳು ಹೊಗೆಯೊಡನೆ ಬ್ರೇಕಿನ ಕಣಗಳಿಗೂ ಮೊದಲ ಬಾರಿಗೆ ಮಿತಿ ಹಾಕಿವೆ. ಕೈಲಾಸಗಿರಿ ಒಂದು ಕಡೆ, ಯಾರಾಡ ಬೆಟ್ಟ ಇನ್ನೊಂದು ಕಡೆ ನಿಂತು ಬಟ್ಟಲಿನಂತಾಗಿರುವ ವಿಶಾಖಪಟ್ಟಣದಲ್ಲಿ ಗಾಳಿಗೆ ಸೇರಿದ್ದು ಬೇಗ ಹೊರಹೋಗುವುದಿಲ್ಲ. ಉಬ್ಬಸದವರಿರುವ ಮನೆಗಳು ಇದನ್ನು ಬಲ್ಲವು.

ಊರಿಂದ ಬಂದ ನೆಂಟರನ್ನು ಸಿಂಹಾಚಲಕ್ಕೋ ಇಂದ್ರಕೀಲಾದ್ರಿಯ ಕನಕದುರ್ಗೆಯ ಸನ್ನಿಧಿಗೋ ಅನಂತಗಿರಿಯ ಘಾಟಿ ಹತ್ತಿ ಅರಕುವಿಗೋ ಕರೆದೊಯ್ಯುವುದು ಇಲ್ಲಿನ ಕನ್ನಡ ಮನೆಗಳಲ್ಲಿ ವಾಡಿಕೆ. ಹೊಸ ಪ್ಯಾಡು ಹಾಕಿಸಿದ ವಾರದಲ್ಲಿ ಘಾಟಿ ಇಳಿಯುವ ಯೋಜನೆ ಬೇಡ. ಇಳಿಯುವಾಗ ಹತ್ತಿದ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕನ್ನು ಒತ್ತಿಕೊಂಡೇ ಇರದೆ ಒತ್ತಿ ಬಿಡುತ್ತಿರಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ತಾಳಬೇಕು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ದ್ರವ ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮುನ್ಸೂಚನೆಯಾಗಿ ಯಾವ ಕೂಗೂ ಕೇಳಿಸುವುದಿಲ್ಲ. ಕಡಲತೀರದವರು ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಾಯಿಸುವುದು ಯುಕ್ತ. ಪ್ಯಾಡು ಹಾಕಿಸುವ ದಿನವೇ, ಚಕ್ರ ಕಳಚಿರುವಾಗಲೇ, ಅದನ್ನೂ ಮಾಡಿಸಿದರೆ ಕೂಲಿ ಎರಡು ಬಾರಿ ತೆರಬೇಕಾಗುವುದಿಲ್ಲ.