ಬೇಕಲದ ಮರಳು ಮತ್ತು ಅದರಡಿಯ ಸಿಹಿನೀರು

ಬೇಕಲವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಕೋಟೆ. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಆ ಮುರಕಲ್ಲಿನ ಕೋಟೆಯು ಕೇರಳದ ಕೋಟೆಗಳಲ್ಲೆಲ್ಲ ದೊಡ್ಡದೆಂಬುದನ್ನೂ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಆ ಊರು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತೆಂಬುದನ್ನೂ ಅವರು ಬಲ್ಲರು. ಕೋಟೆಯ ಬುಡದಲ್ಲಿ ಹಬ್ಬಿರುವ ಮರಳಿನ ದಂಡೆಯಾದರೋ ಪಾಠದಲ್ಲಿ ಬರುವುದಿಲ್ಲ. ಇಲ್ಲಿ ನಾವು ಬರೆಯಹೊರಟಿರುವುದು ಆ ದಂಡೆಯನ್ನೂ, ಅದರಡಿಯಲ್ಲಿ ಅಡಗಿರುವ ನೀರನ್ನೂ ಕುರಿತು.

1993ರ ಡಿಸೆಂಬರಿನಲ್ಲಿ, ನಾವು ಹೈಸ್ಕೂಲಿನಲ್ಲಿದ್ದಾಗ, ಅಲ್ಲಿ ಮೂರು ದಿನಗಳ ಸ್ಕೌಟ್ ಶಿಬಿರ ನಡೆಯಿತು. ಅಂದು ದಂಡೆಯ ಮೇಲೆ ದೀಪವಿರಲಿಲ್ಲ, ಅಂಗಡಿಯಿರಲಿಲ್ಲ. ಕಡಲಿನಿಂದ ಮೇಲೇರಿದೊಡನೆ ಆಳೆತ್ತರದ ಮರಳಿನ ದಿಬ್ಬ. ಅದರ ಮೈತುಂಬ ಗೊರಸಿನಾಕಾರದ ಎಲೆಯ, ನೇರಳೆ ಹೂವಿನ ಅಡಂಬು ಬಳ್ಳಿ. ದಿಬ್ಬದ ಹಿಂದೆ ಗಾಳಿಮರಗಳು, ಆಮೇಲೆ ತೆಂಗಿನ ತೋಟ. ಡೇರೆಗಳನ್ನು ದಿಬ್ಬದ ಮರೆಯಲ್ಲಿ ಹೂಡಿದೆವು. ರಾತ್ರಿ ಕೋಟೆಯ ಗೋಡೆಗೆ ಅಲೆ ಬಡಿಯುವ ಸದ್ದು ಡೇರೆಯೊಳಗೆ ಮಲಗಿದ್ದವರಿಗೂ ಕೇಳಿಸುತ್ತಿತ್ತು.

ಅಡುಗೆಗೆ ನೀರೆಲ್ಲಿ? ಬಲೆ ಒಣಗಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಕೊಡಗಳನ್ನು ಕಂಡು ನಕ್ಕು, ತೆಂಗಿನ ಬುಡದ ಕಡೆಗೆ ಕೈತೋರಿಸಿ, ಸೊಂಟದಾಳ ತೋಡಿದರೆ ಸಾಕು, ಅದಕ್ಕಿಂತ ಕೆಳಕ್ಕೆ ಹೋಗಬೇಡಿ ಎಂದು ಮಲಯಾಳದಲ್ಲಿ ಹೇಳಿದರು. ತೋಡಿದೆವು. ಮರಳು ಕುಸಿಯದಂತೆ ತಳ ತೆಗೆದ ತಗಡಿನ ಡಬ್ಬವೊಂದನ್ನು ಇಳಿಸಿದೆವು. ಊರಿನ ಒಳಭಾಗದ ಸುರಂಗದ ನೀರಿನಷ್ಟೇ ಸಿಹಿಯಾದ ನೀರು ಒಸರಿತು! ಬೇರೊಂದು ದಳದ ಹುಡುಗರು ಹೆಚ್ಚು ನೀರಿನಾಸೆಯಿಂದ ಕಡಲಿಗೆ ಇನ್ನೂ ಹತ್ತಿರದಲ್ಲಿ, ಇನ್ನೂ ಆಳವಾಗಿ ತೋಡಿದ್ದರು. ಮರುದಿನ ಸಂಜೆಗೆ ಅವರ ಗಂಜಿಗೆ ಉಪ್ಪು ಹಾಕಬೇಕಾಗಲಿಲ್ಲ.

ಇದರ ಕಾರಣವನ್ನು ವಿದ್ಯಾರ್ಥಿಗಳು ಲೆಕ್ಕಹಾಕಿಯೇ ತಿಳಿಯಬಹುದು. ಒಂದು ಲೀಟರು ಸಿಹಿನೀರಿನ ತೂಕ ಸುಮಾರು 1000 ಗ್ರಾಂ. ಕಡಲನೀರಿನದು ಸುಮಾರು 1025 ಗ್ರಾಂ. ಹಗುರಾದ ಸಿಹಿನೀರು ಮರಳಿನೊಳಗೆ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ವ್ಯತ್ಯಾಸವಾದ 25ರಿಂದ 1000ವನ್ನು ಭಾಗಿಸಿದರೆ 40 ಬರುತ್ತದಷ್ಟೆ. ಎಂದರೆ ಸಿಹಿನೀರಿನ ಮಟ್ಟವು ಕಡಲ ಮಟ್ಟಕ್ಕಿಂತ ಒಂದಡಿ ಎತ್ತರದಲ್ಲಿದ್ದರೆ, ಕಡಲ ಮಟ್ಟದಿಂದ ಕೆಳಗೆ ಸುಮಾರು ನಲವತ್ತಡಿಯ ವರೆಗೆ ಸಿಹಿನೀರೇ ಇರುತ್ತದೆ. ಹಾಲೆಂಡಿನ ಗೀಬನ್, ಜರ್ಮನಿಯ ಹೆರ್ಟ್ಸ್‌ಬರ್ಗ್ ಎಂಬವರು ಬೇರೆಬೇರೆಯಾಗಿ ಕಂಡುಹಿಡಿದ ಈ ಸೂತ್ರಕ್ಕೆ ಅವರಿಬ್ಬರ ಹೆಸರೇ ಇದೆ. ಸಮುದ್ರದತ್ತ ಸಾಗಿದಂತೆ ಈ ಸಿಹಿನೀರಿನ ಪದರ ತೆಳುವಾಗುತ್ತದೆ. ಆ ಹುಡುಗರ ಗುಂಡಿ ಉಪ್ಪಾದುದು ಅದರಿಂದಲೇ.

ಲೆಕ್ಕದ ಇನ್ನೊಂದು ಮುಖ ರಕ್ಷಕರಿಗೆ ಸಂಬಂಧಿಸಿದುದು. ನೀರೆತ್ತಿ ಆ ಒಂದಡಿಯಲ್ಲಿ ಅರ್ಧ ಅಡಿ ಇಳಿಸಿದೆವೆನ್ನೋಣ. ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ ಇಪ್ಪತ್ತಡಿ ಮೇಲೇರುತ್ತದೆ. ಒಮ್ಮೆ ಏರಿದ ಉಪ್ಪನ್ನು ಒಂದು ಮಳೆಗಾಲವು ತೊಳೆದುಬಿಡುತ್ತದೆಂದು ನಂಬುವಂತಿಲ್ಲ.

ಬೇಕಲವನ್ನು ಕೇಂದ್ರ ಸರಕಾರವು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಸಾರಿದ್ದು 1992ರಲ್ಲಿ. ಅಭಿವೃದ್ಧಿಗಾಗಿ ಕೇರಳ ಸರಕಾರದ ನಿಗಮ ಹುಟ್ಟಿದ್ದು 1995ರಲ್ಲಿ. ನಮ್ಮ ಶಿಬಿರ ಇವೆರಡರ ನಡುವೆ ನಡೆದಿತ್ತೆಂಬುದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಈಗ ಆ ತೀರದಲ್ಲಿ ದೊಡ್ಡ ಹೋಟೆಲುಗಳಿವೆ, ಉದ್ಯಾನವಿದೆ, 2022ರಲ್ಲಿ ಲಕ್ಷಾಂತರ ಜನ ಸೇರಿದ ಬೀಚ್ ಉತ್ಸವವೂ ನಡೆಯಿತು. ಇದನ್ನು ನಾವು ಹಳಿಯುವುದಿಲ್ಲ. ಅದರಿಂದ ಅನ್ನ ಉಣ್ಣುವ ಮನೆಗಳಿವೆ. ರಾತ್ರಿ ಬೆಳಕಿರುವ ದಾರಿ ಹೆಂಗಸರಿಗೂ ಮಕ್ಕಳಿಗೂ ಒಳ್ಳೆಯದೇ. ಆದರೆ ನಾವು ಡೇರೆ ಹೂಡಿದ್ದ ದಿಬ್ಬ ಇಂದು ಗುರುತು ಸಿಗದಂತೆ ಸಮತಟ್ಟಾಗಿದೆ. ಮಳೆಯನ್ನು ಹೀರಿ ಹಿಡಿದಿಡುತ್ತಿದ್ದುದು ಅಂತಹ ದಿಬ್ಬವೇ. ಹಾಸುಗಲ್ಲಿನ ಮೇಲೆ ಬಿದ್ದ ನೀರು ನೇರವಾಗಿ ಕಡಲಿಗೆ ಓಡುತ್ತದೆ.

ಈ ವಿಷಯದಲ್ಲಿ ಕಾನೂನು ಕುರುಡಾಗಿರಲಿಲ್ಲ. 1991ರ ಕರಾವಳಿ ನಿಯಂತ್ರಣ ಅಧಿಸೂಚನೆಯು ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ಅಂತರ್ಜಲ ತೆಗೆಯುವುದನ್ನು ನಿಷೇಧಿಸಿ, 200ರಿಂದ 500 ಮೀಟರಿನ ವರೆಗೆ ಸಾಧಾರಣ ಬಾವಿಯಿಂದ ಕೈಯಿಂದ ಸೇದುವುದಕ್ಕೆ ಮಾತ್ರ, ಅದೂ ಕುಡಿಯುವುದು, ಬೇಸಾಯ, ಮೀನುಗಾರಿಕೆ ಮೊದಲಾದ ಉದ್ದೇಶಗಳಿಗೆ, ಅನುಮತಿಯಿತ್ತಿತು. ಬಲೆ ಒಣಗಿಸುತ್ತಿದ್ದ ಆ ಹಿರಿಯರು ಅಧಿಸೂಚನೆಯನ್ನು ಓದಿರಲಾರರು. ಹೇಳಿದ್ದು ಮಾತ್ರ ಅದನ್ನೇ.

ನಮ್ಮ ಶಾಲೆಯ ಬಹಳಷ್ಟು ಮಕ್ಕಳ ಮನೆಗಳು ರೈಲುಹಳಿಯ ಪಡುವಣಕ್ಕಿವೆ. ಆ ಮನೆಗಳ ಬಾವಿಗಳೂ ಇದೇ ತೇಲುವ ನೀರಿನವು. ಬರುವ ಜನವರಿಯಿಂದ ಎಂಟನೆಯ ತರಗತಿಯವರು ಪ್ರತಿ ತಿಂಗಳ ಮೊದಲ ಆದಿತ್ಯವಾರ ಬೆಳಿಗ್ಗೆ, ಪಂಪು ಹಾಕುವ ಮೊದಲು, ಕಲ್ಲು ಕಟ್ಟಿದ ಹಗ್ಗವನ್ನು ಇಳಿಸಿ, ಬಾವಿಕಟ್ಟೆಯಿಂದ ನೀರಿನ ವರೆಗಿನ ಅಳತೆಯನ್ನೂ ನೀರಿನ ರುಚಿಯನ್ನೂ ಬರೆದಿಡತಕ್ಕದ್ದು. ಸಣ್ಣವರು ಬಾವಿಯ ಬಳಿ ಒಬ್ಬರೇ ಹೋಗಬಾರದು. ಹಗ್ಗ ಹಿಡಿಯಲು ಮನೆಯ ಹಿರಿಯರು ಜೊತೆಗಿರಲಿ. ಪುಸ್ತಕವನ್ನು ಮೇ ತಿಂಗಳ ಅಳತೆಯ ನಂತರ ವಿಜ್ಞಾನದ ಮಾಸ್ತರರಿಗೆ ಒಪ್ಪಿಸಬೇಕು.