ಪಾಯಾ ತೆಗೆಯುವ ಮುಂಚೆ ಮಣ್ಣು ನೋಡಿರಿ



ಮನೆ ಕಟ್ಟಲು ಸಂಘದಲ್ಲಿ ಸಾಲ ಕೇಳುವವರು ಗೋಡೆ, ಸ್ಲ್ಯಾಬು, ಬಾಗಿಲುಗಳ ಲೆಕ್ಕವನ್ನು ಸರಿಯಾಗಿ ತರುತ್ತಾರೆ. ಪಾಯಾಕ್ಕೆ ಮಾತ್ರ ಅಂದಾಜಿನ ಒಂದು ಮೊತ್ತ ಬರೆದಿರುತ್ತಾರೆ. ಆದರೆ ಹಣ ಮೊದಲು ಹೋಗುವುದು ನೆಲದೊಳಗೇ. ಅಲ್ಲಿ ಲೆಕ್ಕ ತಪ್ಪಿದರೆ ಗೋಡೆ ಏಳುವ ಮುಂಚೆಯೇ ಕೈ ಖಾಲಿ.

ನಮ್ಮ ಮಣ್ಣಿನ ಗುಣ

ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆ ಯರಿಮಣ್ಣು. ಕಲಘಟಗಿ, ಅಳ್ನಾವರ ಕಡೆ ಕೆಂಪು ಮಣ್ಣು ಹೆಚ್ಚು. ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಉಂಟು. ಯರಿಮಣ್ಣು ಹತ್ತಿ, ಕಡಲೆಗೆ ಒಳ್ಳೆಯದು, ಮನೆಗೆ ಅಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲ್ಪದರಿನಲ್ಲೇ ಕುಳಿತ ಪಾಯಾ ಕೂಡ ಏರಿಳಿಯುತ್ತದೆ, ಗೋಡೆ ಸೀಳುತ್ತದೆ.

ಏನು ಮಾಡಬೇಕು?

1. ಉತಾರ ಯಾರ ಹೆಸರಿನಲ್ಲಿದೆ ನೋಡಿರಿ. ಪಾಲಿಕೆ ಅಥವಾ ಗ್ರಾಮ ಪಂಚಾಯತಿಯ ಪರವಾನಿಗೆ ಪಡೆಯಿರಿ.

2. ಗೌಂಡಿಯವರ ಜೊತೆ ಗುತ್ತಿಗೆ ಮಾತಾಡುವ ಮುಂಚೆ ಪ್ಲಾಟಿನ ಎರಡು ಮೂಲೆಗಳಲ್ಲಿ ಗುಂಡಿ ತೋಡಿಸಿರಿ. ಗಟ್ಟಿ ಗರಸು ಎಷ್ಟು ಅಡಿಗೆ ಸಿಕ್ಕಿತು ಎಂದು ಬರೆದಿಡಿರಿ. ಹಳೇ ಬಾವಿ, ತಗ್ಗು ಮುಚ್ಚಿದ ಜಾಗವೇನು ಎಂದು ನೆರೆಯವರನ್ನು ಕೇಳಿರಿ. ಆಳಕ್ಕೆ ಹೋದರೂ ಗರಸು ಸಿಗದಿದ್ದರೆ ಎಂಜಿನಿಯರರ ಸಲಹೆ ಬೇಕೇ ಬೇಕು.

3. ಲೆಕ್ಕ ಹಾಕಿರಿ. 20 ಅಡಿ ಉದ್ದ, 15 ಅಡಿ ಅಗಲದ ಮನೆ, ನಡುವೆ ಒಂದು ಅಡ್ಡಗೋಡೆ ಎಂದರೆ ಪಾಯಾದ ಉದ್ದ ಸುಮಾರು 85 ಅಡಿ. 3 ಅಡಿ ಅಗಲ, 4 ಅಡಿ ಆಳ ತೆಗೆದರೆ 1,020 ಘನ ಅಡಿ, ಅಂದರೆ ಸುಮಾರು 10 ಬ್ರಾಸ್ ಮಣ್ಣು. ಗರಸು 6 ಅಡಿಗೆ ಸಿಕ್ಕರೆ 1,530 ಘನ ಅಡಿ, 15 ಬ್ರಾಸ್. ಎರಡೇ ಅಡಿ ಹೆಚ್ಚಾಯಿತು, ಅಗೆತ ಒಂದೂವರೆ ಪಟ್ಟಾಯಿತು! ಕಲ್ಲು, ಸಿಮೆಂಟು, ಕೂಲಿಯೂ ಹೆಚ್ಚುತ್ತವೆ. "ಅಕ್ಕಾರ, ಇಷ್ಟರಾಗ ಮುಗಸ್ತೀವಿ" ಎಂದರೆ, ಎಷ್ಟು ಅಡಿ ಆಳಕ್ಕೆ ಎಂದು ಕೇಳಿ ಬರೆಸಿಕೊಳ್ಳಿರಿ.

4. ಅಗೆದ ಯರಿಮಣ್ಣನ್ನೇ ಮನೆಯೊಳಗೆ ತುಂಬಬೇಡಿರಿ. ಅದು ಉಬ್ಬಿ ನೆಲವನ್ನು ಎತ್ತುತ್ತದೆ. ಗರಸು ತರಿಸಿ, ತೆಳುವಾಗಿ ಹರಡಿ, ನೀರು ಹೊಡೆದು ಬಡಿಸಿರಿ. ಪಾಯಾದ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಬೀಮ್ ಇರಲಿ. ಗರಸಿನ ಟ್ರಿಪ್ಪು, ಯರಿಮಣ್ಣು ಸಾಗಿಸುವ ಬಾಡಿಗೆ ಎರಡನ್ನೂ ಲೆಕ್ಕದಲ್ಲಿ ಸೇರಿಸಿರಿ.

5. ಬಚ್ಚಲ ನೀರು, ಮಾಳಿಗೆ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು. ಸುತ್ತಲೂ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ, ಗಟಾರಕ್ಕೆ ದಾರಿ ಮಾಡಿರಿ.

ಸಾಲ ಎಷ್ಟು, ಯಾವಾಗ?

ಸರ್ಕಾರದ ವಸತಿ ಯೋಜನೆಗಳಲ್ಲಿ ಹಣ ಕಂತಿನಲ್ಲಿ ಬರುತ್ತದೆ; ಕೆಲಸ ಆದಷ್ಟು ಬಿಲ್ಲು. ಪಾಯಾ ಏಳುವ ತನಕ ಕೈಯಿಂದ ಹಾಕಬೇಕಾದ ಹಣ ಎಷ್ಟೆಂದು ಮೊದಲೇ ಪಂಚಾಯತಿ ಅಥವಾ ಪಾಲಿಕೆಯಲ್ಲಿ ಕೇಳಿರಿ. ಸಂಘದ ಸಾಲ ಆ ಹೊತ್ತಿಗೆ ಬೇಕಾಗುತ್ತದೆ. ಗುಂಡಿ ತೋಡಿದ ಮೇಲೆಯೇ ಸಾಲದ ಅರ್ಜಿ ಬರೆಯಿರಿ. ಸಾಲ ಒಬ್ಬರದು, ಜವಾಬ್ದಾರಿ ಎಲ್ಲರದು.

ಹಣ ಕಡಿಮೆ ಬಿದ್ದರೆ ಒಂದು ಕೋಣೆ ಕಡಿಮೆ ಮಾಡಿರಿ. ಟೈಲ್ಸ್, ಬಣ್ಣ, ಕಂಪೌಂಡು ಮುಂದಿನ ವರ್ಷಕ್ಕೂ ಆದೀತು. ಪಾಯಾವನ್ನು ಮಾತ್ರ ಮತ್ತೊಮ್ಮೆ ಹಾಕಲಿಕ್ಕಾಗದು.

ಸಭೆಯಲ್ಲಿ ಚರ್ಚಿಸಿರಿ

* ನಮ್ಮ ಓಣಿಯಲ್ಲಿ ಗರಸು ಎಷ್ಟು ಅಡಿಗೆ ಸಿಗುತ್ತದೆ?
* ಸೀಳು ಬಿಟ್ಟ ಮನೆಗಳಲ್ಲಿ ನೀರು ಎಲ್ಲಿ ನಿಲ್ಲುತ್ತದೆ?
* ಮನೆ ಸಾಲ ಕೊಡುವ ಮುಂಚೆ ಇಬ್ಬರು ಸದಸ್ಯೆಯರು ಹೋಗಿ ಗುಂಡಿ ನೋಡಿ ಬರಬಹುದೇ?