ಮಗು ತಪ್ಪು ಮಾಡಿದರೆ ಕಾನೂನು ಏನು ಹೇಳುತ್ತದೆ?



ಉಳಿತಾಯ, ಸಾಲ, ಮರುಪಾವತಿ ಅಂತ ನಾವು ಪ್ರತಿ ವಾರ ಲೆಕ್ಕ ಬರೆಯುತ್ತೇವೆ. ಈ ಸಲ ಮಕ್ಕಳ ವಿಷಯ ಮಾತಾಡೋಣ. ಸಂಘದ ಸದಸ್ಯೆಯೊಬ್ಬರ 15 ವರ್ಷದ ಮಗನನ್ನು ಮೊಬೈಲ್ ಕದ್ದ ಅಂತ ಪೊಲೀಸರು ಕರೆದುಕೊಂಡು ಹೋದರು ಎಂದಿಟ್ಟುಕೊಳ್ಳಿ. ಆ ತಾಯಿ ಎಲ್ಲಿಗೆ ಹೋಗಬೇಕು? ಏನು ಕೇಳಬೇಕು? ಅಳುತ್ತಾ ಕೂತರೆ ಆಗುವುದಿಲ್ಲ, ಕಾನೂನು ಗೊತ್ತಿರಬೇಕು.

ಕಾನೂನು ಬೆಳೆದು ಬಂದ ದಾರಿ

ಮಕ್ಕಳನ್ನು ದೊಡ್ಡ ಕೈದಿಗಳ ಜೊತೆ ಇಟ್ಟರೆ ಸುಧಾರಿಸುವ ಬದಲು ಇನ್ನಷ್ಟು ಕೆಡುತ್ತಾರೆ. ಇದನ್ನು ಮನಗಂಡು 1920ರಲ್ಲಿ ಮದ್ರಾಸ್, 1922ರಲ್ಲಿ ಬಂಗಾಳ, 1924ರಲ್ಲಿ ಮುಂಬಯಿ ಪ್ರಾಂತ್ಯಗಳು ಮಕ್ಕಳ ಕಾಯಿದೆ ತಂದವು. ನಮ್ಮ ರಾಜ್ಯದಲ್ಲಿ 1964ರ ಮಕ್ಕಳ ಕಾಯಿದೆ ಇತ್ತು. ಆದರೆ ರಾಜ್ಯಕ್ಕೊಂದು ಕಾನೂನು. ಕೆಲವು ಕಡೆ ಅದು ಕಾಗದದಲ್ಲೇ ಉಳಿಯಿತು, ಮಕ್ಕಳು ಜೈಲಿನಲ್ಲೇ ಉಳಿದರು. ಪತ್ರಕರ್ತೆ ಶೀಲಾ ಬರ್ಸೆ ಈ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ದೇಶಕ್ಕೆಲ್ಲ ಒಂದೇ ಕಾನೂನು ಬೇಕೆಂದು 1986ರಲ್ಲಿ ಕೋರ್ಟು ಹೇಳಿತು. ಅದೇ ವರ್ಷ ಸಂಸತ್ತು ಬಾಲ ನ್ಯಾಯ ಕಾಯಿದೆ ಮಾಡಿತು. ಆಗ ಗಂಡುಮಕ್ಕಳಿಗೆ 16, ಹೆಣ್ಣುಮಕ್ಕಳಿಗೆ 18 ವರ್ಷದ ಮಿತಿ ಇತ್ತು. 2000ದ ಕಾಯಿದೆ ಇಬ್ಬರಿಗೂ 18 ಮಾಡಿತು. ಈಗ ಇರುವುದು 2015ರ ಕಾಯಿದೆ. ಅದು ಕೇಂದ್ರದ್ದಾದರೂ, ಬಾಲ ನ್ಯಾಯ ಮಂಡಳಿ ರಚಿಸುವುದು ರಾಜ್ಯ ಸರ್ಕಾರದ ಹೊಣೆ.

ತಾಯಂದಿರು ನೆನಪಿಡಬೇಕಾದದ್ದು

1. 18 ತುಂಬದ ಮಗುವನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಅಂತ ಕೇಳಿ.

2. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ತಂದೆತಾಯಿಗೆ ತಿಳಿಸಲೇಬೇಕು.

3. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು.

4. ಜಾಮೀನು ಸಾಮಾನ್ಯ ನಿಯಮ. ಬಿಟ್ಟರೆ ಮಗು ಕೆಟ್ಟವರ ಸಹವಾಸಕ್ಕೆ ಅಥವಾ ಅಪಾಯಕ್ಕೆ ಸಿಲುಕುತ್ತದೆ, ಇಲ್ಲವೇ ನ್ಯಾಯಕ್ಕೇ ಅಡ್ಡಿಯಾಗುತ್ತದೆ ಎಂದಾಗ ಮಾತ್ರ ನಿರಾಕರಿಸಬಹುದು. ಆಗಲೂ ಕಳಿಸುವುದು ವೀಕ್ಷಣಾಲಯಕ್ಕೆ, ಜೈಲಿಗಲ್ಲ.

5. ವಯಸ್ಸಿಗೆ ಮೊದಲ ಪುರಾವೆ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಹತ್ತನೇ ತರಗತಿ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಕಾಯಿದೆಯ ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಇದನ್ನು ಇವತ್ತೇ ಹುಡುಕಿ ಎತ್ತಿಡಿ.

6. ವಕೀಲರಿಗೆ ದುಡ್ಡಿಲ್ಲವೇ? ಉಚಿತ ಕಾನೂನು ನೆರವು ಮಗುವಿನ ಹಕ್ಕು.

7. ಮಗುವಿನ ಹೆಸರು, ಫೋಟೋ ಪತ್ರಿಕೆಯಲ್ಲಿ ಹಾಕುವುದು ಅಪರಾಧ.

ಒಂದು ಮಾತು ಮುಚ್ಚಿಡಬಾರದು. ಕನಿಷ್ಠ 7 ವರ್ಷ ಶಿಕ್ಷೆಯಿರುವ ಘೋರ ಅಪರಾಧದಲ್ಲಿ, 16 ತುಂಬಿದವರ ವಿಚಾರಣೆಯನ್ನು ದೊಡ್ಡವರಂತೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಲು 2015ರ ಕಾಯಿದೆಯಲ್ಲಿ ಅವಕಾಶವಿದೆ. ಅಲ್ಲಿಯೂ ಮರಣದಂಡನೆ ಇಲ್ಲ.

ಹಾಗಾದರೆ ತಪ್ಪಿಗೆ ಶಿಕ್ಷೆಯೇ ಇಲ್ಲವೇ? ಹಾಗಲ್ಲ. ಬುದ್ಧಿವಾದ, ಸಮುದಾಯ ಸೇವೆ, ದಂಡ, ಬೇಕಾದರೆ 3 ವರ್ಷದವರೆಗೆ ವಿಶೇಷ ಗೃಹ, ಇವೆಲ್ಲ ಇವೆ. ಆದರೆ ಗುರಿ ಮಗುವನ್ನು ತಿದ್ದಿ ಮನೆಗೆ ಕಳಿಸುವುದು. ಅವನು ಮನೆಗೆ ಬಂದಾಗ "ಕಳ್ಳ ಬಂದ" ಅಂತ ಕೇರಿಯವರು ಬಾಗಿಲು ಹಾಕಿಕೊಂಡರೆ ಕಾನೂನು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಆ ತಾಯಿಯ ಜೊತೆ ಠಾಣೆಗೆ ಹೋಗಲು ಇಬ್ಬರು ಸದಸ್ಯೆಯರು, ಹುಡುಗನನ್ನು ಮತ್ತೆ ಶಾಲೆಗೆ ಸೇರಿಸಲು ಇಬ್ಬರು. ಇಷ್ಟು ನಮ್ಮ ಸಂಘದಿಂದ ಆಗಲಾರದೇ?

ಸಭೆಯಲ್ಲಿ ಚರ್ಚಿಸಿ

• ನಮ್ಮ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು? ವಿಚಾರಿಸಿಕೊಂಡು ಬರುವವರು ಯಾರು?
• ಎಲ್ಲ ಮಕ್ಕಳ ಜನನ ಪ್ರಮಾಣಪತ್ರ ಇದೆಯೇ?
• ಶಾಲೆ ಬಿಟ್ಟ ಮಕ್ಕಳು ನಮ್ಮ ಕೇರಿಯಲ್ಲಿ ಎಷ್ಟು ಮಂದಿ?

ಮಕ್ಕಳ ಸಹಾಯವಾಣಿ 1098, ಕಾನೂನು ನೆರವು 15100. ಈ ಎರಡು ನಂಬರನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡೋಣ.